ಮೊದಲ ಚೀಟಿಯಲ್ಲಿ ಏನು ಬರೆದಿದೆ? ನಾಯಿ ಕಚ್ಚಿದ ಮೇಲೆ ಪರಿಹಾರದ ಮಾತು

ಬೆಂಗಳೂರಿನ ಗಿರಿನಗರದಲ್ಲಿ ಒಂದು ಭಾನುವಾರ ಬೆಳಿಗ್ಗೆ ಬಡಾವಣೆಯ ನಿವಾಸಿಗಳ ಮುಂದೆ ಆಡಿದ ಮಾತುಗಳಿವು. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿ ಬರೆದುಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಒಂದು ಚೀಟಿಯ ಕಥೆಯಿಂದ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ವಕೀಲಿ ಕಚೇರಿಗೆ ಒಬ್ಬ ಹೆಂಗಸು ಬಂದಿದ್ದರು. ಮೂರು ಮನೆಗಳಲ್ಲಿ ಪಾತ್ರೆ ತೊಳೆದು, ನೆಲ ಒರೆಸಿ ಸಂಸಾರ ನಡೆಸುತ್ತಿದ್ದವರು. ಒಂದು ಮನೆಯ ಗೇಟು ತೆಗೆದು ಒಳಗೆ ಕಾಲಿಟ್ಟಾಗ ಆ ಮನೆಯ ನಾಯಿ ಮೀನಖಂಡಕ್ಕೆ ಬಾಯಿ ಹಾಕಿತ್ತು. ಮಾಂಸ ಕಿತ್ತು ಬಂದಿತ್ತು. ಮನೆಯವರು ಆಟೋ ಹತ್ತಿಸಿ, 500 ರೂಪಾಯಿ ಕೈಗಿಟ್ಟು, ಒಂದು ಮಾತು ಹೇಳಿ ಕಳಿಸಿದರು: "ಆಸ್ಪತ್ರೆಯಲ್ಲಿ ಕೇಳಿದರೆ ಬೀದಿ ನಾಯಿ ಅಂದುಬಿಡು, ಪೊಲೀಸು ಗಿಲೀಸು ಯಾಕೆ." ಆಕೆ ಹಾಗೆಯೇ ಹೇಳಿದರು. ಡ್ಯೂಟಿ ಡಾಕ್ಟರು ಹಾಗೆಯೇ ಬರೆದರು. ಗಾಯ ಕೀವಾಯಿತು, ಐದು ವಾರ ಮನೆಯಲ್ಲೇ ಕೂತರು, ಉಳಿದ ಎರಡು ಮನೆಯವರು ಬೇರೆಯವರನ್ನು ಇಟ್ಟುಕೊಂಡರು. ಒಂದೂವರೆ ವರ್ಷದ ಮೇಲೆ ನನ್ನ ಮುಂದೆ ಕೂತಾಗ ಆಕೆಯ ಹತ್ತಿರ ಇದ್ದದ್ದು ಮಡಿಕೆ ಬಿದ್ದ ಆ ಒಂದೇ ಚೀಟಿ. ಅದರಲ್ಲಿ "ಬೀದಿ ನಾಯಿ ಕಡಿತ" ಎಂದಿತ್ತು. ಆಕೆಯ ಪರವಾಗಿ ನಾನು ಏನೂ ಮಾಡಲಾಗಲಿಲ್ಲ. ನಾಯಿ ಯಾರದ್ದು ಎಂಬುದಕ್ಕೆ ಆಕೆಯದೇ ಬಾಯಿಮಾತು ಆಕೆಗೆ ಎದುರು ಸಾಕ್ಷಿಯಾಗಿ ನಿಂತಿತ್ತು.

ಆ ಚೀಟಿ ಈಗಲೂ ನನ್ನ ಕಣ್ಣಮುಂದಿದೆ. ಕೋರ್ಟಿಗೆ ಹೋಗುವ ಮಾತು ಬಂದರೆ ನಮ್ಮ ಜನ "ಗೆದ್ದವನು ಸೋತ, ಸೋತವನು ಸತ್ತ" ಎನ್ನುತ್ತಾರೆ. ಆದರೆ ನಾಯಿ ಕಡಿತದ ಪ್ರಕರಣಗಳಲ್ಲಿ ಸೋಲು ಗೆಲುವಿನ ಬಹುಪಾಲು ಕೋರ್ಟಿಗೆ ಹೋಗುವ ಎಷ್ಟೋ ಮೊದಲೇ, ಕಚ್ಚಿದ ದಿನವೇ, ಕ್ಯಾಶುವಾಲ್ಟಿಯ ಮೇಜಿನ ಮೇಲೆ ತೀರ್ಮಾನವಾಗಿರುತ್ತದೆ.

ಅದಕ್ಕೂ ಮೊದಲು ಜೀವದ ಮಾತು. ಗಾಯಕ್ಕೆ ಮೆಣಸಿನಪುಡಿ, ಸುಣ್ಣ, ಅರಿಶಿನ ಏನೂ ಬೇಡ. ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡು ತೊಳೆಯಿರಿ, ಏಕೆಂದರೆ ನೋವಿನಲ್ಲಿರುವವರಿಗೆ ಎರಡು ನಿಮಿಷವೇ ಹದಿನೈದರಂತೆ ಕಾಣುತ್ತದೆ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಕಾಲ ಹೋಗಿ ಬಹಳ ವರ್ಷವಾಯಿತು. ಈಗ ಚರ್ಮದೊಳಗೆ ಕೊಡುವ ಲಸಿಕೆ 0, 3, 7 ಮತ್ತು 28ನೇ ದಿನ, 0 ಎಂದರೆ ಮೊದಲ ಡೋಸಿನ ದಿನ. ಸ್ನಾಯುವಿಗೆ ಕೊಡುವುದಾದರೆ 14ನೇ ದಿನದ್ದೂ ಸೇರಿ ಐದು. ಹಲ್ಲು ಚರ್ಮವನ್ನು ತೂರಿ ರಕ್ತ ಬಂದಿದ್ದರೆ ಅದು ಮೂರನೇ ವರ್ಗದ ಗಾಯ. ಅದಕ್ಕೆ ಲಸಿಕೆಯೊಂದೇ ಸಾಲದು, ಗಾಯದ ಒಳಗೂ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್, ಅಂದರೆ ವೈರಸ್ಸನ್ನು ತಕ್ಷಣ ತಡೆಯುವ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್, ಹಾಕಬೇಕು. ಲಸಿಕೆ ಹಾಕಿದರು, ಕಳಿಸಿದರು ಎಂದು ಬಂದುಬಿಡಬೇಡಿ, ಬಾಯಿಬಿಟ್ಟು ಕೇಳಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸಿಕೊಳ್ಳುವ ಔಷಧಿ ಇಲ್ಲ. ಕರ್ನಾಟಕದಲ್ಲಿ 2022ರ ಡಿಸೆಂಬರ್‌ನಿಂದ ಮನುಷ್ಯರ ರೇಬೀಸ್ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ.

ಈಗ ಚೀಟಿಗೆ ಬರೋಣ. ಡಾಕ್ಟರು ಬರೆಯುವಾಗ ನಾಲ್ಕು ಸಂಗತಿ ಅದರಲ್ಲಿ ಬರಲಿ. ಎಷ್ಟು ಹೊತ್ತಿಗೆ, ಎಲ್ಲಿ ಕಚ್ಚಿತು. ನಾಯಿ ಯಾವುದು, ಸಾಕಿದ್ದಾದರೆ ಯಾವ ಮನೆಯದು. ಎಷ್ಟು ಹಲ್ಲಿನ ಗುರುತು, ಎಷ್ಟು ಉದ್ದ, ಎಷ್ಟು ಆಳ. ಗಾಯದ ವರ್ಗ ಯಾವುದು. ಬಿಡುವಿಲ್ಲದ ಆಸ್ಪತ್ರೆಯಲ್ಲಿ "ನಾಯಿ ಕಡಿತ, ಲಸಿಕೆ ಕೊಟ್ಟಿದೆ" ಎಂದು ಒಂದೇ ಸಾಲು ಬರೆಯುವುದು ಸಹಜ. ಅವರನ್ನು ದೂರುತ್ತಿಲ್ಲ, ಸಾಲು ಅಷ್ಟು ಉದ್ದ ಇರುತ್ತದೆ. ಆದರೂ ವಿನಯದಿಂದ ಕೇಳಿ ಬರೆಸಿಕೊಳ್ಳಿ. ಗಾಯ ದೊಡ್ಡದಿದ್ದರೆ ಎಂಎಲ್‌ಸಿ, ಅಂದರೆ ಪೊಲೀಸರಿಗೂ ತಿಳಿಸುವ ವೈದ್ಯಕೀಯ-ಕಾನೂನು ಪ್ರಕರಣದ ದಾಖಲೆ, ಮಾಡಿ ಎನ್ನಿ. ಬ್ಯಾಂಡೇಜು ಹಾಕುವ ಮುಂಚೆ ಗಾಯದ ಪಕ್ಕ ಒಂದು ಸ್ಕೇಲೋ ನಾಣ್ಯವೋ ಇಟ್ಟು ಫೋಟೋ ತೆಗೆಯಿರಿ. ಹರಿದ ಪ್ಯಾಂಟು, ಸೀರೆ ಒಗೆಯಬೇಡಿ, ಎಸೆಯಬೇಡಿ.

ಹಲ್ಲಿನ ಗುರುತು ಎಣಿಸಿ ಎಂದರೆ ಕೆಲವರು ವಿಚಿತ್ರವಾಗಿ ನೋಡುತ್ತಾರೆ. ಅದಕ್ಕೆ ಕಾರಣವಿದೆ. 2023ರ ನವೆಂಬರ್‌ನಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 193 ಅರ್ಜಿಗಳನ್ನು ಒಟ್ಟಿಗೆ ತೀರ್ಮಾನಿಸಿ, ನಾಯಿ ಕಡಿತಕ್ಕೆ ಪರಿಹಾರದ ಲೆಕ್ಕವನ್ನೇ ಹಾಕಿಕೊಟ್ಟಿತು. ಒಂದು ಹಲ್ಲಿನ ಗುರುತಿಗೆ ಕನಿಷ್ಠ 10,000 ರೂಪಾಯಿ; ಚರ್ಮದಿಂದ ಮಾಂಸ ಕಿತ್ತು ಬಂದಿದ್ದರೆ ಪ್ರತಿ 0.2 ಸೆಂಟಿಮೀಟರ್ ಗಾಯಕ್ಕೆ ಕನಿಷ್ಠ 20,000 ರೂಪಾಯಿ. ಆ ತೀರ್ಪು ನಡೆಯುವುದು ಪಂಜಾಬ್, ಹರಿಯಾಣ, ಚಂಡೀಗಢದಲ್ಲಿ. ನಮ್ಮ ನ್ಯಾಯಾಲಯಗಳು ಅದಕ್ಕೆ ಕಟ್ಟುಬಿದ್ದಿಲ್ಲ. ಆದರೆ ನಮ್ಮ ನ್ಯಾಯಾಧೀಶರ ಮುಂದೆ ಅದನ್ನಿಟ್ಟು, ಇನ್ನೊಂದು ಹೈಕೋರ್ಟ್ ಹೀಗೆ ಯೋಚಿಸಿದೆ ನೋಡಿ ಸ್ವಾಮಿ ಎಂದು ವಾದಿಸಲು ಅಡ್ಡಿಯಿಲ್ಲ. ಹಾಗೆ ವಾದಿಸಬೇಕಾದರೆ ಗುರುತು ಎಷ್ಟಿತ್ತು ಎಂಬುದು ಕಾಗದದಲ್ಲಿ ಇರಲೇಬೇಕು. ಆರು ತಿಂಗಳಾದ ಮೇಲೆ ಕಲೆ ಉಳಿದಿರುತ್ತದೆ, ಲೆಕ್ಕ ಉಳಿದಿರುವುದಿಲ್ಲ.

ಇನ್ನು ನಾಯಿ ಯಾರದ್ದು ಎಂಬ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕರೆ ಯಾರ ಬಾಗಿಲು ತಟ್ಟಬೇಕು ಎಂಬುದೂ ಗೊತ್ತಾಗುತ್ತದೆ.

ಸಾಕಿದ ನಾಯಿಯಾದರೆ ಕೇಳಬೇಕಾದದ್ದು ಅದರ ಮಾಲೀಕರನ್ನು. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು, ಮೊದಲು ಐಪಿಸಿ 289 ಆಗಿದ್ದದ್ದು, ಹೇಳುವುದಿಷ್ಟೇ: ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರಿಗೆ ಅಪಾಯವಾಗದಂತೆ ನೋಡಿಕೊಳ್ಳಬೇಕಾದವರು ಗೊತ್ತಿದ್ದೂ ಅಥವಾ ಅಸಡ್ಡೆಯಿಂದ ಸುಮ್ಮನಿದ್ದರೆ ಅದು ಅಪರಾಧ. 6 ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಬಹುದಾದ ಅಪರಾಧ ಇದು. "ನಾಯಿ ಕಚ್ಚಿದ್ದಕ್ಕೆಲ್ಲ ಏನಮ್ಮ ಕೇಸು" ಎಂದು ಠಾಣೆಯಲ್ಲಿ ವಾಪಸ್ ಕಳಿಸಿದರೆ ದೂರನ್ನು ಡಿಸಿಪಿಯವರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಆಮೇಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ, ಕೇಳಿ ಪಡೆಯಿರಿ.

ಆದರೆ ಕ್ರಿಮಿನಲ್ ಕೇಸಿನಲ್ಲಿ ಕಟ್ಟಿದ ದಂಡ ಸರ್ಕಾರದ ಬೊಕ್ಕಸಕ್ಕೆ. ಅದರಿಂದ ನಿಮಗೆ ಪರಿಹಾರ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ, ನಿಜ. ಆದರೂ ಆಸ್ಪತ್ರೆ ಖರ್ಚು, ಹೋದ ಸಂಬಳ, ನೋವು ಎಲ್ಲಕ್ಕೂ ಸರಿಯಾದ ದಾರಿ ಸಿವಿಲ್ ದಾವೆ. ಅದಕ್ಕೆ ಸಾಮಾನ್ಯವಾಗಿ 3 ವರ್ಷ ಕಾಲಾವಕಾಶ. ಕಚ್ಚಿಸಿಕೊಂಡದ್ದು ಮಗುವಾದರೆ ಆ 3 ವರ್ಷ ಶುರುವಾಗುವುದು ಮಗುವಿಗೆ 18 ತುಂಬಿದ ಮೇಲೆ. ಅಷ್ಟು ದಿನ ಕಾಯಿರಿ ಎಂದು ಹೇಳುತ್ತಿಲ್ಲ, ತಂದೆತಾಯಿ ಮಗುವಿನ ಪರವಾಗಿ ಈಗಲೇ ಹೂಡಬಹುದು. ಸಾವು ಸಂಭವಿಸಿದ್ದರೆ ಕುಟುಂಬದವರು 1855ರ ಮಾರಕ ಅಪಘಾತ ಕಾಯ್ದೆಯಡಿ ಕೇಳಬೇಕು, ಅದಕ್ಕೆ ಎರಡೇ ವರ್ಷ.

ಈ ದಾವೆಯಲ್ಲಿ ಎಲ್ಲವೂ ನಿಲ್ಲುವುದು ಒಂದು ಮಾತಿನ ಮೇಲೆ. ಗೊತ್ತಿತ್ತೇ? ನಾಯಿ ಕಚ್ಚುವ ಸ್ವಭಾವದ್ದು ಎಂದು ಮಾಲೀಕರಿಗೆ ಗೊತ್ತಿತ್ತೇ, ಗೊತ್ತಿದ್ದೂ ಕಟ್ಟದೆ ಬಿಟ್ಟರೇ? ಹಿಂದೆ ಪೇಪರ್ ಹುಡುಗನ ಮೇಲೆ ಎಗರಿತ್ತೇ? ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರಾದರೂ "ದಯವಿಟ್ಟು ನಾಯಿಗೆ ಬೆಲ್ಟ್ ಹಾಕಿ ಲಿಫ್ಟಿಗೆ ಕರೆತನ್ನಿ" ಎಂದು ಬರೆದಿದ್ದರೇ? ಆ ಒಂದು ಸಂದೇಶ ಹತ್ತು ಸಾಕ್ಷಿಗಳಿಗೆ ಸಮ. ಗೇಟಿನ ಮೇಲೆ "ನಾಯಿ ಇದೆ ಎಚ್ಚರಿಕೆ" ಫಲಕ ಇದ್ದರೆ ತಮ್ಮ ಹೊಣೆ ಮುಗಿಯಿತು ಎಂದುಕೊಂಡ ಮಾಲೀಕರು ಬಹಳ. ಆ ಫಲಕವನ್ನೇ ನಾನು ಎಷ್ಟೋ ಬಾರಿ ಎದುರು ಪಕ್ಷದ ವಿರುದ್ಧ ತೋರಿಸಿದ್ದೇನೆ: ಎಚ್ಚರಿಕೆ ಬೇಕಾದ ನಾಯಿ ಎಂದು ನಿಮಗೇ ಗೊತ್ತಿತ್ತಲ್ಲ, ಹಾಗಿದ್ದ ಮೇಲೆ ಕೆಲಸದವರು ಬರುವ ಹೊತ್ತಿಗೆ ಕಟ್ಟಲಿಲ್ಲ ಏಕೆ?

ಹಾಗೆಯೇ ಎದುರು ಪಕ್ಷದವರು ನಿಮ್ಮನ್ನು ಕೇಳುವುದೂ ಇದೆ. ನೀವು ಕಲ್ಲು ಹೊಡೆದಿರಾ, ಮರಿ ಮುಟ್ಟಿದಿರಾ, ಬಾಲ ಎಳೆದಿರಾ? ಇದ್ದದ್ದನ್ನು ಇದ್ದ ಹಾಗೆ ನಿಮ್ಮ ವಕೀಲರಿಗೆ ಮೊದಲೇ ಹೇಳಿಬಿಡಿ. ನಿಮ್ಮ ತಪ್ಪು ಸ್ವಲ್ಪ ಇದ್ದರೆ ಪರಿಹಾರ ಅಷ್ಟು ಕಡಿಮೆಯಾಗಬಹುದು. ಮುಚ್ಚಿಟ್ಟದ್ದು ಸಿಸಿಟಿವಿಯಲ್ಲಿ ಹೊರಬಂದರೆ ಪೂರ್ತಿ ಹೋಗುತ್ತದೆ.

ಸಿಸಿಟಿವಿ ಎಂದ ಮೇಲೆ ಒಂದು ಮಾತು. ಹೆಚ್ಚಿನ ಮನೆ, ಅಂಗಡಿಗಳ ಕ್ಯಾಮೆರಾದಲ್ಲಿ ಹಳೆಯದರ ಮೇಲೆ ಹೊಸದು ತಾನಾಗಿಯೇ ದಾಖಲಾಗುತ್ತದೆ, ಕೆಲವೇ ದಿನಗಳಲ್ಲಿ. ಆದ್ದರಿಂದ ಅದೇ ದಿನ, ಹೆಚ್ಚೆಂದರೆ ಮರುದಿನ, ಆ ಗಂಟೆಯ ದೃಶ್ಯ ತೆಗೆದಿಡಿ ಎಂದು ಲಿಖಿತವಾಗಿ ಕೇಳಿ. ಮೊಬೈಲಿನಲ್ಲಿ ಟೈಪ್ ಮಾಡಿ ಕಳಿಸಿದರೂ ಸಾಕು, ಕೇಳಿದ್ದಕ್ಕೆ ದಾಖಲೆ ಇರಬೇಕು ಅಷ್ಟೆ. ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವಿಲ್ಲದೆ ಅಂಥ ದೃಶ್ಯವನ್ನು ಕೋರ್ಟು ಒಪ್ಪುವುದು ಕಷ್ಟ. ಅದನ್ನು ಮಾಡಿಸುವುದು ವಕೀಲರ ಕೆಲಸ, ನಿಮ್ಮ ಕೆಲಸ ದೃಶ್ಯ ಅಳಿಸಿಹೋಗದಂತೆ ನೋಡಿಕೊಳ್ಳುವುದು.

ಈಗ ಬೀದಿ ನಾಯಿ. ಇಲ್ಲಿ ಕೂತಿರುವ ಹೆಚ್ಚಿನವರು ಕೇಳಲು ಬಂದಿರುವುದು ಇದನ್ನೇ ಎಂದು ನನಗೆ ಗೊತ್ತು.

2023ರ ಗಣತಿಯ ಪ್ರಕಾರ ಬೆಂಗಳೂರಿನಲ್ಲಿ ಸುಮಾರು 2.79 ಲಕ್ಷ ಬೀದಿ ನಾಯಿಗಳಿದ್ದವು, 2019ರಲ್ಲಿ 3.10 ಲಕ್ಷ ಇದ್ದವು. ಇವುಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸುವ ಹೊಣೆಯನ್ನು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಸ್ಥಳೀಯ ಸಂಸ್ಥೆಯ ಮೇಲೆ ಹೊರಿಸಿವೆ. ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರ್‌ನಿಂದ ಐದು ನಗರ ಪಾಲಿಕೆಗಳು ಬಂದಿವೆ. ಆದ್ದರಿಂದ ಕಚ್ಚಿದ ಜಾಗ ಯಾವ ಪಾಲಿಕೆಗೆ ಸೇರಿದ್ದು ಎಂದು ನೋಡಿಕೊಂಡೇ ಅರ್ಜಿ ಬರೆಯಿರಿ. ನಿಮ್ಮ ಮನೆ ಪಶ್ಚಿಮ ಪಾಲಿಕೆಯಲ್ಲಿದ್ದು ನಾಯಿ ಕಚ್ಚಿದ್ದು ದಕ್ಷಿಣ ಪಾಲಿಕೆಯಲ್ಲಾದರೆ ಕೇಳಬೇಕಾದದ್ದು ದಕ್ಷಿಣದವರನ್ನು.

ರಾಜ್ಯ ಸರ್ಕಾರ 2025ರ ನವೆಂಬರ್‌ನಲ್ಲಿ ಪರಿಹಾರದ ಮೊತ್ತ ಗೊತ್ತುಮಾಡಿತು. ಬೀದಿ ನಾಯಿ ದಾಳಿಯಿಂದ ಅಥವಾ ಅದರಿಂದ ಬಂದ ರೇಬೀಸ್‌ನಿಂದ ಸತ್ತರೆ ಕುಟುಂಬಕ್ಕೆ 5 ಲಕ್ಷ ರೂಪಾಯಿ. ಚರ್ಮ ತೂತಾದರೆ, ಕಪ್ಪುಗಟ್ಟಿದರೆ, ಹರಿದರೆ, ಹಲವು ಕಡೆ ಕಚ್ಚಿದ್ದರೆ 5,000 ರೂಪಾಯಿ. ಅದರಲ್ಲಿ 3,500 ಗಾಯಗೊಂಡವರ ಕೈಗೆ, 1,500 ಚಿಕಿತ್ಸೆಯ ಬಾಬತ್ತು ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೆ.

3,500 ರೂಪಾಯಿ ಕಡಿಮೆ. ಗಾರೆ ಕೆಲಸದವರಿಗೆ ಅದು ನಾಲ್ಕೈದು ದಿನದ ಕೂಲಿ. ಲಸಿಕೆಗೆಂದೇ ನಾಲ್ಕು ದಿನ ಆಸ್ಪತ್ರೆಗೆ ಅಲೆಯಬೇಕು. ಕಡಿಮೆ ಎಂದು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಆದರೂ ಅರ್ಜಿ ಹಾಕಿ. ಹಣಕ್ಕಿಂತ ಹೆಚ್ಚಾಗಿ, ಇಂಥ ದಿನ ಇಂಥ ರಸ್ತೆಯಲ್ಲಿ ಬೀದಿ ನಾಯಿ ಕಚ್ಚಿತು ಎಂದು ಸರ್ಕಾರದ ಕಡತದಲ್ಲೇ ಸೇರುತ್ತದೆ. ಇದು ಪರಿಹಾರಧನ, ನಿಮಗಾದ ನಷ್ಟದ ಪೂರ್ತಿ ಲೆಕ್ಕವಲ್ಲ. ಸಹಿ ಹಾಕುವ ಮುಂಚೆ ಕಾಗದ ಓದಿ. "ಇನ್ನು ಮುಂದೆ ಯಾವ ಕ್ಲೇಮೂ ಇಲ್ಲ" ಎಂಬ ಸಾಲಿದ್ದರೆ ನಿಲ್ಲಿಸಿ, ಯಾರನ್ನಾದರೂ ಕೇಳಿ.

ಹೆಚ್ಚಿನ ಪರಿಹಾರ ಬೇಕಾದರೆ ಹೈಕೋರ್ಟಿನಲ್ಲಿ ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ ಹಾಕಬಹುದು. ಸಾರ್ವಜನಿಕ ಅಧಿಕಾರಿಗಳ ಲೋಪದಿಂದ ಜೀವಿಸುವ ಹಕ್ಕಿಗೆ ಧಕ್ಕೆಯಾದರೆ ನೇರವಾಗಿ ಪರಿಹಾರ ಕೊಡಿಸಬಹುದು ಎಂದು ಸುಪ್ರೀಂ ಕೋರ್ಟ್ 1993ರಲ್ಲಿ ನೀಲಬತಿ ಬೆಹೆರಾ ಪ್ರಕರಣದಲ್ಲಿ ಹೇಳಿದೆ. ಅದು ಪೊಲೀಸ್ ವಶದಲ್ಲಿ ಸತ್ತ ಯುವಕನ ಪ್ರಕರಣ, ಆದರೆ ತತ್ವ ಇಲ್ಲಿಗೂ ಬರುತ್ತದೆ. ತೊಡಕು ಏನೆಂದರೆ, ರಿಟ್‌ನಲ್ಲಿ ಸಾಕ್ಷಿ ವಿಚಾರಣೆ ಮಾಡುತ್ತಾ ಕೂರುವುದಿಲ್ಲ. ಘಟನೆಯೇ ನಡೆದಿಲ್ಲ, ಆ ನಾಯಿ ನಮ್ಮ ವ್ಯಾಪ್ತಿಯದಲ್ಲ ಎಂದು ಪಾಲಿಕೆ ತಕರಾರು ತೆಗೆದರೆ ಸಿವಿಲ್ ಕೋರ್ಟಿಗೆ ಹೋಗಿ ಎನ್ನಬಹುದು. ಹಾಗಾಗದಿರಬೇಕಾದರೆ ಕಾಗದ ಗಟ್ಟಿಯಿರಬೇಕು, ನಾವು ಮತ್ತೆ ಅದೇ ಚೀಟಿಗೆ ಬಂದೆವು. ಸಿವಿಲ್ ದಾವೆಯಾದರೆ ಸರ್ಕಾರಕ್ಕೆ ಎರಡು ತಿಂಗಳ ಮುಂಚೆ ನೋಟಿಸ್ ಕೊಡಬೇಕು. ಪಾಲಿಕೆಯ ಮೇಲೆ ಹೂಡುವುದಾದರೆ ನೋಟಿಸಿಗೂ ದಾವೆಗೂ ಪ್ರತ್ಯೇಕ ಗಡುವುಗಳಿರುತ್ತವೆ, ಅವು ಚಿಕ್ಕವು. ತಿಂಗಳೊಳಗೇ ವಕೀಲರನ್ನು ನೋಡಿ.

ಇಲ್ಲೂ ಪ್ರಶ್ನೆ ಅದೇ: ಗೊತ್ತಿತ್ತೇ? ಪಾಲಿಕೆಗೆ ಈ ಗುಂಪಿನ ವಿಷಯ ಗೊತ್ತಿತ್ತು ಎಂದು ತೋರಿಸುವುದು ಹೇಗೆ? ಈ ಬಡಾವಣೆಯವರಾಗಿ ನೀವು ಮಾಡಬಹುದಾದ ದೊಡ್ಡ ಕೆಲಸ ಇದೇ. ನಾಯಿಗಳು ಬೈಕು ಅಟ್ಟಿಸಿಕೊಂಡು ಹೋಗುತ್ತಿವೆ ಎಂದಾದರೆ ಯಾರನ್ನೋ ಕಚ್ಚುವವರೆಗೆ ಕಾಯಬೇಡಿ. ಪಾಲಿಕೆಯ ಸಹಾಯವಾಣಿ 1533ಕ್ಕೆ ಫೋನ್ ಮಾಡಿ, ದೂರಿನ ಸಂಖ್ಯೆ ಬರೆದಿಡಿ. ಬರೀ ಬಾಯಲ್ಲಿ ಬೈದುಕೊಂಡು ಸುಮ್ಮನಾದ ದೂರಿಗೆ ಸಂಖ್ಯೆ ಇರುವುದಿಲ್ಲ. ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ, ನಮ್ಮ ವಾರ್ಡಿನಲ್ಲಿ ಕಳೆದ ವರ್ಷ ಎಷ್ಟು ನಾಯಿಗೆ ಚಿಕಿತ್ಸೆ, ಎಷ್ಟಕ್ಕೆ ಲಸಿಕೆ, ಎಷ್ಟು ದೂರು ಬಂತು, ಏನು ಕ್ರಮವಾಯಿತು ಎಂದು ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಕಚ್ಚಿದ ನಾಯಿಯ ಕಿವಿಯ ತುದಿ ಕತ್ತರಿಸಿದೆಯೇ ನೋಡಿ, ಸಂತಾನಹರಣ ಚಿಕಿತ್ಸೆಯಾಗಿದೆ ಎಂಬುದಕ್ಕೆ ಅದೇ ಗುರುತು. ಆಗಿಲ್ಲದಿದ್ದರೆ ಅದೂ ನಿಮ್ಮ ಸಾಕ್ಷ್ಯವೇ.

ಜಾಗವೂ ಮುಖ್ಯ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಶಾಲಾ ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಬೀದಿ ನಾಯಿಗಳನ್ನು ತೆರವು ಮಾಡಬೇಕು, ಅಲ್ಲಿಗೇ ಮತ್ತೆ ತಂದು ಬಿಡಬಾರದು ಎಂದು ಆದೇಶಿಸಿತು. ಆ ಆದೇಶ ಸರಿಯೋ ತಪ್ಪೋ ಎಂದು ಬೇಕಾದಷ್ಟು ಚರ್ಚೆಯಾಗಿದೆ. ನಾಯಿಗಳ ಮೇಲಿನ ಕಾಳಜಿಯಿಂದ ಮಾತಾಡುವವರನ್ನು ನಾನು ಗೌರವಿಸುತ್ತೇನೆ, ನಮ್ಮ ಮನೆಯಲ್ಲೂ ಒಂದು ನಾಯಿಯಿದೆ. ಪರಿಹಾರದ ದೃಷ್ಟಿಯಿಂದ ಹೇಳುವುದು ಇಷ್ಟೇ: ಅಂಥ ಆವರಣದಲ್ಲಿ ಮಗುವಿಗೆ ಕಚ್ಚಿದರೆ, ಆ ಜಾಗದವರ ಹೊಣೆಯನ್ನು ದೇಶದ ಅತ್ಯುನ್ನತ ನ್ಯಾಯಾಲಯವೇ ಬರೆದಿಟ್ಟಿದೆ.

ಮುಂದಿನ ಸಾಲಿನಲ್ಲಿ ಕೂತಿದ್ದ ಯುವಕರೊಬ್ಬರು ಇಲ್ಲಿ ಕೈಯೆತ್ತಿದರು. ಅವರ ಅಣ್ಣನಿಗೆ ನಾಯಿ ಕಚ್ಚಿರಲಿಲ್ಲ. ರಾತ್ರಿ ಡ್ಯೂಟಿ ಮುಗಿಸಿ ಬರುವಾಗ ನಾಯಿಗಳು ಅಟ್ಟಿಸಿಕೊಂಡು ಬಂದು, ಸ್ಕೂಟರು ಮಗುಚಿ ಭುಜದ ಮೂಳೆ ಮುರಿದಿತ್ತು. ಇದಕ್ಕೇನಾದರೂ ಇದೆಯೇ ಎಂದು ಕೇಳಿದರು.

ಇದು ಬಹಳ ಒಳ್ಳೆಯ ಪ್ರಶ್ನೆ. ಇಂಥ ಗಾಯ ಆಸ್ಪತ್ರೆಯ ಪುಸ್ತಕದಲ್ಲಿ "ತಾನೇ ಬಿದ್ದದ್ದು" ಎಂದು ದಾಖಲಾಗುತ್ತದೆ. ನಾಯಿಯ ಹೆಸರೇ ಇರುವುದಿಲ್ಲ. ಆದ್ದರಿಂದ ಮೊದಲ ಚೀಟಿಯಲ್ಲೇ "ಬೀದಿ ನಾಯಿಗಳು ಅಟ್ಟಿಸಿಕೊಂಡು ಬಂದಾಗ ಬಿದ್ದದ್ದು" ಎಂದು ಬರೆಸಿ. ಹಾಗೆ ಬರೆಸಿದ್ದರೆ ಪಾಲಿಕೆಯ ಲೋಪ ಎತ್ತಿ ತೋರಿಸಬಹುದು. ಜೊತೆಗೆ ವಿಮೆಯ ಕಾಗದ ತೆಗೆದು ನೋಡಿ. ವಾಹನದ ಮಾಲೀಕರೇ ಓಡಿಸುತ್ತಿದ್ದರೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇರಬೇಕು. ಅದು ಸಾವು ಮತ್ತು ಶಾಶ್ವತ ಅಂಗವೈಕಲ್ಯಕ್ಕೆ, ಮೂಳೆ ಮುರಿತದ ಖರ್ಚಿಗಲ್ಲ. ಆದರೆ ಸಾವಿನ ಮನೆಯಲ್ಲಿ ಅದನ್ನು ಯಾರೂ ನೆನೆಯದೆ ಬಿಟ್ಟದ್ದನ್ನು ನಾನು ನೋಡಿದ್ದೇನೆ. ನಿಮ್ಮ ಅಣ್ಣನಿಗೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇದೆಯೇ? ಕೆಲಸದ ನಡುವೆ ಆದ ಗಾಯಕ್ಕೆ, ಕೆಲಸಕ್ಕೆ ಹೋಗಿಬರುವ ದಾರಿಯಲ್ಲಿ ಆದದ್ದಕ್ಕೂ ಹಲವು ಸಂದರ್ಭದಲ್ಲಿ, ರಜೆಯ ದಿನಗಳ ಕೂಲಿಯ ಶೇ 90ರಷ್ಟು ಸಿಗುತ್ತದೆ. ಸೆಕ್ಯುರಿಟಿ ಗಾರ್ಡುಗಳು, ಹೌಸ್‌ಕೀಪಿಂಗ್‌ನವರು ಇದನ್ನು ತಿಳಿದಿರಬೇಕು. ಕಾವಲು ಕಾಯುವಾಗ ನಾಯಿ ಕಚ್ಚಿದರೆ ಅದು ಕೆಲಸದ ಗಾಯವೇ.

ಎಷ್ಟು ಕೇಳಬೇಕು ಎಂದು ಇನ್ನೊಬ್ಬರು ಕೇಳಿದರು. ಬಿಲ್ಲು, ಔಷಧಿ, ಆಟೋ ಬಾಡಿಗೆ, ಹೋದ ಸಂಬಳ, ನೋಡಿಕೊಳ್ಳಲು ರಜೆ ಹಾಕಿದ ಮಗಳ ಸಂಬಳ, ಮುಂದೆ ಬೇಕಾಗುವ ಪ್ಲಾಸ್ಟಿಕ್ ಸರ್ಜರಿ. ಇವೆಲ್ಲ ಲೆಕ್ಕಕ್ಕೆ ಸಿಗುವಂಥವು. ಲೆಕ್ಕಕ್ಕೆ ಸಿಗದವೂ ಇವೆ: ನೋವು, ಮುಖದ ಮೇಲಿನ ಕಲೆ, ಭಯ. ಕಚ್ಚಿಸಿಕೊಂಡ ಮಗು ರಾತ್ರಿ ಬೆಚ್ಚಿ ಏಳುತ್ತದೆ, ಶಾಲೆಗೆ ನಡೆದು ಹೋಗಲು ಒಪ್ಪುವುದಿಲ್ಲ. ಡಾಕ್ಟರ ಹತ್ತಿರ ಅದನ್ನೂ ಹೇಳಿ, ಬರೆಸಿ. ಕೇಳಲು ಸಂಕೋಚಪಡಬೇಡಿ. ಪರಿಹಾರ ಕೇಳಿದರೆ ದುಡ್ಡಿನಾಸೆ ಎನ್ನುತ್ತಾರೆ ಎಂದು ಹೆದರುವವರು ಬಹಳ. ಇನ್ನೊಬ್ಬರ ಅಸಡ್ಡೆಯ ಖರ್ಚನ್ನು ಬಡವರು ತಮ್ಮ ಕೂಲಿಯಿಂದ ಕಟ್ಟುತ್ತಿರುವಾಗ ಅದನ್ನು ವಾಪಸ್ ಕೇಳುವುದು ಆಸೆ ಹೇಗಾದೀತು?

ನಾಯಿ ಸಾಕಿದವರಿಗೂ ಎರಡು ಮಾತು. ನಿಮ್ಮ ನಾಯಿ ಕಚ್ಚಿದರೆ ನೀವೇ ಆಸ್ಪತ್ರೆಗೆ ಕರೆದೊಯ್ಯಿರಿ, ಲಸಿಕೆಯ ಪುಸ್ತಕ ತೋರಿಸಿ, ನಾಯಿಯನ್ನು 10 ದಿನ ಕಟ್ಟಿ ಗಮನಿಸಿ, ಕೊನೆಯ ಡೋಸಿನವರೆಗೆ ಖರ್ಚು ನೋಡಿಕೊಳ್ಳಿ. ಮೂರನೆಯವರಿಗೆ ಆದ ಗಾಯದ ಹೊಣೆ ಭರಿಸುವ ಸಾಕುನಾಯಿ ವಿಮೆಗಳೂ ಇವೆ. ನನ್ನ ಅನುಭವದಲ್ಲಿ, ಹೀಗೆ ನಡೆದುಕೊಂಡವರ ಮೇಲೆ ದಾವೆ ಬಂದದ್ದು ತೀರಾ ಕಡಿಮೆ.

ಎಲ್ಲ ಮುಗಿದು ಜನ ಕಾಫಿಗೆ ಏಳುವಾಗ ಹಿಂದೆ ಗೋಡೆಗೊರಗಿ ನಿಂತಿದ್ದ ಹೆಂಗಸೊಬ್ಬರು ಹತ್ತಿರ ಬಂದರು. ಸಭಾಂಗಣ ಗುಡಿಸಲು ಬಂದವರು, ಮಾತು ಕೇಳುತ್ತಾ ನಿಂತುಬಿಟ್ಟಿದ್ದರು. "ನೀವು ಹೇಳೋದೆಲ್ಲ ಸರಿ ಅಮ್ಮ. ಮನೆಯವರ ನಾಯಿ ಅಂತ ಬರೆಸಿದರೆ ನಾಳೆಯಿಂದ ಕೆಲಸಕ್ಕೆ ಬರಬೇಡ ಅಂತಾರೆ" ಎಂದರು.

ನಾನು ಹೇಳಿದ್ದು ಹೀಗೆ. ನಿಜ ಬರೆಸಿದ ತಕ್ಷಣ ಕೇಸು ಹಾಕಿದ ಹಾಗಲ್ಲ. ಚೀಟಿಯಲ್ಲಿ ನಿಜವಿರಲಿ, ಚೀಟಿ ನಿಮ್ಮ ಪೆಟ್ಟಿಗೆಯಲ್ಲಿರಲಿ. ಗಾಯ ಬೇಗ ಮಾಯ್ದು, ಮನೆಯವರು ಖರ್ಚು ನೋಡಿಕೊಂಡರೆ ಸಂತೋಷ, ಅದನ್ನು ತೆಗೆಯುವುದೇ ಬೇಡ. ಕಾಲು ಕೆಟ್ಟು ಕೆಲಸ ಹೋದರೆ ಕೇಳಲು ಮೂರು ವರ್ಷ ಸಮಯವಿದೆ. ವಕೀಲರಿಗೆ ದುಡ್ಡು ಕೊಡಬೇಕಾಗಿಲ್ಲ. ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಕಾನೂನು ನೆರವು ಉಚಿತ, 1987ರ ಕಾಯ್ದೆಯಲ್ಲೇ ಬರೆದಿದೆ. ಸಿದ್ದಯ್ಯ ರಸ್ತೆಯಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಿರುವ ನ್ಯಾಯ ದೇಗುಲಕ್ಕೆ ಹೋಗಿ ಕೇಳಿ, ಇಲ್ಲವೇ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ.

ಆಕೆ ಸೆರಗಿನ ಗಂಟಿನಿಂದ ಒಂದು ಬಸ್ ಟಿಕೆಟ್ ತೆಗೆದು, ಅದರ ಹಿಂದೆ ಆ ನಂಬರು ಬರೆದುಕೊಡಿ ಎಂದರು. ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ. ಒಂದೊಂದೇ ಅಂಕಿ ಓದಿ ನೋಡಿ, ಮತ್ತೆ ಗಂಟಿನಲ್ಲಿ ಕಟ್ಟಿಕೊಂಡರು.